ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಕೆಳಗೊಂದು ರೈಲು ನಿಲ್ದಾಣ

ಮೈಸೂರಿನವರಿಗೆ ಬೆಂಗಳೂರು ಪ್ರವಾಸದ ಜಾಗವಲ್ಲ. ಆಸ್ಪತ್ರೆ, ಮದುವೆ, ಇಂಟರ್‌ವ್ಯೂ ಅಂತ ಹೋಗಿ ರಾತ್ರಿ ರೈಲಿಗೆ ವಾಪಸ್ ಬರುವ ಊರು. ಹಾಗಿರುವಾಗ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣ ನೋಡಲಿಕ್ಕೆಂದೇ ಹೊರಟಿದ್ದೇನೆ ಅಂದಾಗ ಮನೆಯವರೆಲ್ಲ ನಕ್ಕರು. ನಗದೇ ಇದ್ದವರು ಮಂಡ್ಯದ ಚಿಕ್ಕಪ್ಪ ಒಬ್ಬರೇ. ಬೋರ್‌ವೆಲ್ ಕೊರೆಸುವ ಕೆಲಸದಲ್ಲೇ ಅವರ ತಲೆ ನರೆತಿದೆ. "ನೆಲದೊಳಗೆ ಹೆಂಗೆ ನುಗ್ಗವ್ರೆ ಅಂತ ನಾನೂ ನೋಡ್ಬೇಕು ಕಣ್ಲಾ, ಮಂಡ್ಯದಲ್ಲಿ ಹತ್ಕೋತೀನಿ" ಅಂದರು.

ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಸೀಸನ್ ಪಾಸಿನವರದೇ ರಾಜ್ಯ. ಸಿಕ್ಕಿದ ಮೂಲೆಯಲ್ಲಿ ಕೂತೆ. ಈ ಹಳಿ ಹುಟ್ಟಿದ್ದು ಬರಗಾಲದಲ್ಲಿ. 1876–78ರ ಭೀಕರ ಬರದ ಹೊತ್ತಿಗೆ ಜನರಿಗೆ ಕೂಲಿ ಕೊಡಲು ಬೆಂಗಳೂರು–ಮೈಸೂರು ದಾರಿಯ ಕೆಲಸ ಶುರುವಾಯಿತು. ರಂಗಾಚಾರ್ಲು ದಿವಾನರಾಗಿದ್ದಾಗ, 1882ರಲ್ಲಿ, ಮೀಟರ್ ಗೇಜ್ ರೈಲು ಮೈಸೂರು ಮುಟ್ಟಿತು.

ಕಾವೇರಿ ದಾಟಿ ಶ್ರೀರಂಗಪಟ್ಟಣಕ್ಕೆ ಬಂದರೆ ಸ್ಟೇಷನ್ ಹತ್ತಿರವೇ ಟಿಪ್ಪುವಿನ ಮದ್ದಿನ ಮನೆ, ಅಂದರೆ ಸಿಡಿಮದ್ದು ಇಡುತ್ತಿದ್ದ ಕಟ್ಟಡ. ಜೋಡಿ ಹಳಿಗೆ ಇದೇ ಅಡ್ಡ ಇತ್ತು. ಕೆಡವುವ ಹಾಗಿಲ್ಲ, ಹಳಿ ತಿರುಗಿಸಲು ಜಾಗವಿಲ್ಲ. ಕೊನೆಗೆ 2017ರಲ್ಲಿ ಆ ಇಟ್ಟಿಗೆ ಕಟ್ಟಡವನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಜಾಸ್ತಿ ದೂರ ಸರಿಸಿದರು. ತೂಕ ಸುಮಾರು ಸಾವಿರ ಟನ್! ನೆಲದ ಮೇಲೆ ಒಂದು ಹಳಿ ಹಾಕಲು ಇಷ್ಟು ಪಾಡು. ಬೆಂಗಳೂರಿನ ನಡುಮಧ್ಯೆ ಹಾಕಬೇಕಾದರೆ ಕೆಳಗೆ ಇಳಿಯದೆ ಬೇರೆ ದಾರಿ ಇರಲಿಲ್ಲ, ಅಲ್ವಾ?

ಮಂಡ್ಯದಲ್ಲಿ ಚಿಕ್ಕಪ್ಪ ಹತ್ತಿದರು, ಮದ್ದೂರಿನಲ್ಲಿ ವಡೆ ಹತ್ತಿತು. ಆಮೇಲಿನ ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಬೆಂಗಳೂರಿನಲ್ಲಿ ಇಳಿದು ರೈಲ್ವೆ ಸ್ಟೇಷನ್ ಮುಂದಿನ ಸಬ್‌ವೇ ಹಿಡಿದು ಮೆಜೆಸ್ಟಿಕ್‌ಗೆ ಬಂದೆವು. ಈ ಜಾಗದ ಕಥೆಯೇ ಚೆನ್ನಾಗಿದೆ. ಇಲ್ಲಿ ಮೊದಲು ಧರ್ಮಾಂಬುಧಿ ಕೆರೆ ಇತ್ತು, ಪೇಟೆಗೆ ನೀರು ಕೊಡುತ್ತಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಕೆರೆಯನ್ನು ಕೇಳುವವರಿಲ್ಲದೆ ಬತ್ತಿ ಬಯಲಾಯಿತು. ಮುಂದೆ ಆ ಬಯಲಿನಲ್ಲೇ ಬಸ್ ಸ್ಟ್ಯಾಂಡ್ ಎದ್ದಿತು. ಮೆಟ್ರೋ ಬಂದಾಗ ಅದರ ಒಂದು ಭಾಗವನ್ನು ಮುಚ್ಚಿ ಗುಂಡಿ ತೋಡಿದರು. ಆ ವರ್ಷಗಳಲ್ಲಿ ತಗಡಿನ ಬೇಲಿ ಸುತ್ತಿಕೊಂಡು ಬಸ್ ಹುಡುಕಿ ಬೈದುಕೊಂಡವರಲ್ಲಿ ನಾನೂ ಒಬ್ಬ.

ನಿಲ್ದಾಣವನ್ನು ಸುರಂಗದ ಹಾಗೆ ಕೊರೆದಿಲ್ಲ. ಮೇಲಿನಿಂದ ತೋಡಿ, ಗೋಡೆ ಕಟ್ಟಿ, ಅಂತಸ್ತು ಹಾಕಿ, ಮತ್ತೆ ಮುಚ್ಚಿದ್ದಾರೆ. ಸುರಂಗ ಕೊರೆದದ್ದು ಯಂತ್ರಗಳು. ಹೆಲೆನ್, ಮಾರ್ಗರೀಟಾ, ಕಾವೇರಿ, ಕೃಷ್ಣಾ, ಗೋದಾವರಿ ಅಂತ ಅವಕ್ಕೆ ಹೆಸರು. ಮುಂದಿನ ಚಕ್ರ ಕಲ್ಲು ಮಣ್ಣು ಅರೆಯುತ್ತಾ ಹೋಗುತ್ತದೆ, ಅರೆದದ್ದು ಹಿಂದಿನಿಂದ ಆಚೆ ಬರುತ್ತದೆ. ಬೆನ್ನಿಗೇ ಕಾಂಕ್ರೀಟ್ ತುಂಡುಗಳನ್ನು ಜೋಡಿಸಿ ಬಳೆಯಂತೆ ಸುತ್ತು ಕಟ್ಟುತ್ತಾರೆ. ಆ ಸುತ್ತಿಗೇ ಜಾಕ್ ಒತ್ತಿ ಯಂತ್ರ ಮುಂದಕ್ಕೆ ಸರಿಯುತ್ತದೆ.

ಇದನ್ನು ಹೇಳುತ್ತಿದ್ದಾಗ ಚಿಕ್ಕಪ್ಪ ತಡೆದರು. "ಬೋರ್ ಕುಸೀದಂಗೆ ಕೇಸಿಂಗ್ ಪೈಪ್ ಇಳ್ಸೋದು ಅನ್ನು. ನಮ್ದು ನೆಟ್ಟಗೆ, ಅವ್ರದು ಅಡ್ಡ." ಬೆಂಗಳೂರಿನ ನೆಲದಲ್ಲಿ ಯಂತ್ರಗಳು ಯಾಕೆ ಒದ್ದಾಡಿದವು ಅಂತ ಕೇಳಿದರೆ ಉತ್ತರ ರೆಡಿ ಇತ್ತು. "ಬರೀ ಬಂಡೆ ಆದ್ರೆ ಸಲೀಸು. ಅರ್ಧ ಬಂಡೆ, ಅರ್ಧ ಮಣ್ಣು ಸಿಕ್ಕಿದ್ರೆ ಕೊರೆಯೋ ಬಿಟ್ ಮೆತ್ತಗಿರೋ ಕಡೆಗೇ ವಾಲ್ತದೆ." ನಿಜ. ಗಟ್ಟಿ ಗ್ರಾನೈಟ್, ಪಕ್ಕದಲ್ಲೇ ಸಡಿಲ ಮಣ್ಣು, ನಡುವೆ ಗುಂಡುಕಲ್ಲು. ಇಲ್ಲಿನ ಸುರಂಗ ತಡವಾಗಲು ಅದೂ ಒಂದು ದೊಡ್ಡ ಕಾರಣ. ಗೋದಾವರಿಯಂತೂ ನಡುದಾರಿಯಲ್ಲಿ ಕೆಟ್ಟು ನಿಂತು ತಿಂಗಳುಗಟ್ಟಲೆ ಕಾಯಿಸಿತು.

ಸೆಕ್ಯುರಿಟಿಯವರು ವಡೆ ಪೊಟ್ಟಣವನ್ನೂ ಸ್ಕ್ಯಾನ್ ಮಾಡಿ ಒಳಗೆ ಬಿಟ್ಟರು. ಮೇಲೆ ಟಿಕೆಟ್ ಹಾಲ್. ಅದರ ಕೆಳಗೆ ಪೂರ್ವ–ಪಶ್ಚಿಮ ಓಡುವ ನೇರಳೆ ಮಾರ್ಗ. ಅದಕ್ಕೂ ಕೆಳಗೆ ಅಡ್ಡಲಾಗಿ ಉತ್ತರ–ದಕ್ಷಿಣದ ಹಸಿರು ಮಾರ್ಗ. ನೇರಳೆಯ ಸುರಂಗ ಭಾಗ 2016ರ ಏಪ್ರಿಲ್ ಕೊನೆಗೆ ತೆರೆಯಿತು. 4.8 ಕಿಲೋಮೀಟರ್, ಐದು ನಿಲ್ದಾಣ. ದಕ್ಷಿಣ ಭಾರತದಲ್ಲಿ ನೆಲದಡಿ ಮೆಟ್ರೋ ಓಡಿದ್ದು ಅದೇ ಮೊದಲು. 2017ರ ಜೂನ್‌ನಲ್ಲಿ ಹಸಿರು ಮಾರ್ಗವೂ ಸೇರಿದ ಮೇಲೆಯೇ ಇದು ನಿಜವಾದ ಜಂಕ್ಷನ್ ಆದದ್ದು.

ತೀರಾ ಕೆಳಗಿನ ಪ್ಲಾಟ್‌ಫಾರ್ಮಿನಲ್ಲಿ ಸುಮ್ನೆ ನಿಂತುಕೊಂಡೆವು. ರೈಲು ಕಾಣುವ ಮೊದಲೇ ಗಾಳಿ ನುಗ್ಗಿತು. ಚಿಕ್ಕಪ್ಪನ ಹೆಗಲ ಟವೆಲ್ ಅಂಚು ಎದ್ದಿತು. ಸುರಂಗ ಕಿರಿದು, ರೈಲು ಬಂದರೆ ಅಲ್ಲಿನ ಗಾಳಿಗೆ ಮುಂದಕ್ಕೆ ಓಡುವುದು ಬಿಟ್ಟು ದಾರಿಯಿಲ್ಲ. ಹಳಿಯ ಪಕ್ಕ ಇನ್ನೊಂದು ಹಳಿಯಿದೆ. 750 ವೋಲ್ಟ್ ಕರೆಂಟ್ ಬರುವುದು ಅದರಲ್ಲೇ. ಹಾಗಾಗಿ ತಲೆ ಮೇಲೆ ತಂತಿಯಿಲ್ಲ, ಸುರಂಗವನ್ನೂ ಅಷ್ಟು ಎತ್ತರಕ್ಕೆ ಕೊರೆಯಬೇಕಾಗಿಲ್ಲ. ಇದೆಲ್ಲ ಚೆಂದ. ಆದರೆ ಇಷ್ಟು ದೊಡ್ಡ ನಿಲ್ದಾಣದಲ್ಲಿ ಧರ್ಮಾಂಬುಧಿಯ ಕಥೆಗೆ ಒಂದು ಗೋಡೆಯನ್ನೇ ಬಿಟ್ಟುಕೊಡಬಹುದು ಅಂತ ನನಗನ್ನಿಸಿತು.

ವಾಪಸ್ ಬರುವಾಗ ಬೇಕೆಂದೇ ನೇರಳೆ ಮಾರ್ಗದಲ್ಲಿ ಒಂದು ಸ್ಟಾಪ್ ಹೋದೆವು, ಸಿಟಿ ರೈಲ್ವೆ ಸ್ಟೇಷನ್‌ಗೆ. ಈ ಸುರಂಗ ಹೋಗುವುದು ದೊಡ್ಡ ರೈಲುಗಳ ಹಳಿಗಳ ಅಡಿಯಲ್ಲೇ. ಬೆಳಿಗ್ಗೆ ನಾವು ಇಳಿದ ಸ್ಟೇಷನ್ ತಲೆ ಮೇಲಿತ್ತು. ಹತ್ತನೇ ಪ್ಲಾಟ್‌ಫಾರ್ಮ್ ಕಡೆ ಹೊರಗೆ ಬಂದಾಗ ಚಿಕ್ಕಪ್ಪ ಕೇಳಿದ್ದು ಒಂದೇ. "ಇಷ್ಟು ಆಳ ತೋಡವ್ರಲ್ಲ, ನೀರು ಎಷ್ಟು ಅಡಿಗೆ ಸಿಕ್ತಂತೆ?"