ಕಾರ್ಡಿನ ಕಣ್ಣಿಗೆ ಹೋಟೆಲ್ ಎಂದರೆ ಮಲಗುವ ಜಾಗ

2024ರ ನವೆಂಬರ್‌ನಲ್ಲಿ ನಾದಿನಿಯ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆಂದು ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಆರು ಜನ ಊಟ ಮಾಡಿದೆವು. ಬಿಲ್ 5,640 ರೂಪಾಯಿ. ಯಜಮಾನರು ಜೇಬಿಗೆ ಕೈ ಹಾಕುವ ಮೊದಲೇ ನಾನು ಕಾರ್ಡ್ ಮುಂದಿಟ್ಟೆ. ಹೊರಗಿನ ಊಟಕ್ಕೆ, ಸಿನಿಮಾಕ್ಕೆ ‘ಹತ್ತು ಪಟ್ಟು ಪಾಯಿಂಟ್’ ಕೊಡುವ ಕಾರ್ಡ್ ಅದು. ನೂರು ರೂಪಾಯಿಗೆ ಹತ್ತರಂತೆ 560 ಪಾಯಿಂಟ್ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಬಾಳೆಹಣ್ಣಿನ ಹಲ್ವವನ್ನು ಇನ್ನೊಂದು ಚಮಚ ಬಡಿಸಿಕೊಂಡೆ.

ತಿಂಗಳ ಕೊನೆಗೆ ಬಂದದ್ದು 56 ಪಾಯಿಂಟ್.

ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿದೆ. ನಮ್ಮಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಕಾಫಿ ಕಣದ ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ‘ಮೇಡಂ, ಅದು ಡೈನಿಂಗ್ ಅಲ್ಲ, ಲಾಡ್ಜಿಂಗ್’ ಎಂದಳು. ‘ನಾವು ಮಲಗಲಿಲ್ಲಮ್ಮ, ಉಂಡು ಎದ್ದು ಬಂದೆವು’ ಎಂದೆ. ಅವಳು ನಕ್ಕಳು. ಪಾಯಿಂಟ್ ಮಾತ್ರ ಕೊಡಲಿಲ್ಲ.

ಕಾರ್ಡ್ ಉಜ್ಜುವ ಪ್ರತಿಯೊಂದು ಅಂಗಡಿಗೂ ನಾಲ್ಕು ಅಂಕಿಯ ಒಂದು ಸಂಕೇತ ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗ. ಅಂಗಡಿಗೆ ಮೆಷಿನ್ ಕೊಟ್ಟ ಬ್ಯಾಂಕು ಅದನ್ನು ಹಚ್ಚುತ್ತದೆ. ರೆಸ್ಟೋರೆಂಟ್‌ಗೆ 5812, ಫಾಸ್ಟ್‌ಫುಡ್‌ಗೆ 5814, ಬಾರ್‌ಗೆ 5813, ಬೇಕರಿಗೆ 5462, ಚಿತ್ರಮಂದಿರಕ್ಕೆ 7832. ಉಳಿದುಕೊಳ್ಳುವ ಜಾಗಗಳಿಗೆ 7011. ನಾವು ಏನು ತಿಂದೆವು, ಎಷ್ಟು ತಿಂದೆವು ಎಂಬುದು ಕಾರ್ಡ್ ಕಂಪನಿಗೆ ಕಾಣುವುದಿಲ್ಲ. ಈ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಕನ್ನಡದಲ್ಲಿ ನಾವು ಹೋಟೆಲ್ ಎಂದರೆ ದೋಸೆ ನೆನಪಾಗುತ್ತದೆ. ಕಾರ್ಡಿನ ಕಣ್ಣಿಗೆ ಹೋಟೆಲ್ ಎಂದರೆ ಹಾಸಿಗೆ, ದಿಂಬು. ಕೊಡಗಿನಲ್ಲಿ ‘ಸ್ವಲ್ಪ ಒಳ್ಳೆಯ ಕಡೆ ಊಟ ಮಾಡೋಣ’ ಎಂದು ಹೊರಟರೆ ಹೆಚ್ಚಾಗಿ ತಲುಪುವುದು ರೆಸಾರ್ಟಿನ ಒಳಗಿರುವ ಊಟದ ಮನೆಯನ್ನೇ. ಕಾರ್ಡಿಗೆ ಅದೆಲ್ಲ ಮಲಗುವ ಲೆಕ್ಕ.

ಅದೇ ಬಿಲ್ಲನ್ನು ಮತ್ತೆ ಬಿಡಿಸಿ ನೋಡಿದಾಗ ಇನ್ನೂ ಒಂದು ಕಂಡಿತು. ಊಟದ ಬೆಲೆ 4,780, ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 860. ಸಾಮಾನ್ಯ ರೆಸ್ಟೋರೆಂಟ್‌ನಲ್ಲಿ ಜಿಎಸ್‌ಟಿ ಶೇಕಡಾ 5 ಮಾತ್ರ. ಕೊಠಡಿ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲ್‌ಗಳ ಒಳಗೆ ಉಂಡರೆ 18. ಅಂದರೆ ತೆರಿಗೆಯಲ್ಲೇ 621 ರೂಪಾಯಿ ಹೆಚ್ಚು ಕೊಟ್ಟಿದ್ದೆ. ನಾನು ಕನಸು ಕಂಡ 560 ಪಾಯಿಂಟ್‌ಗಳ ಬೆಲೆ, ಪಾಯಿಂಟ್‌ಗೆ 25 ಪೈಸೆಯಂತೆ, 140 ರೂಪಾಯಿ. ಬಂದ 56ರ ಬೆಲೆ 14. ಹಲ್ವದ ಎರಡನೆಯ ಚಮಚ ಈಗಲೂ ಗಂಟಲಲ್ಲೇ ಇದೆ.

ನಾವು ಗೋಣಿಕೊಪ್ಪದಿಂದ ಸ್ವಲ್ಪ ಒಳಗೆ ಇದ್ದೇವೆ. ಆರು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಎರಡು ಕೋಣೆಯ ಹೋಂಸ್ಟೇ. ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ತೋಟದ ಬಟವಾಡೆ ಪುಸ್ತಕ ಬರೆಯುವವಳು ನಾನೇ. ಆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮನೆಯ ಖರ್ಚು ಬರೆಯುವುದು ಹಳೆಯ ಅಭ್ಯಾಸ. ಹಾಗಾಗಿ ಕಾರ್ಡ್ ಬದಲಿಸಬೇಕೇ ಎಂದು ಯೋಚಿಸಲು ಕೂತಾಗ ಕೈಯಲ್ಲಿ ಒಂದು ವರ್ಷದ ಲೆಕ್ಕ ತಯಾರಾಗಿಯೇ ಇತ್ತು. ಕಾರ್ಡ್ ಆರಿಸುವ ಮೊದಲು ನೋಡಬೇಕಾದದ್ದು ಜಾಹೀರಾತಿನ ಹಾಳೆಯನ್ನಲ್ಲ, ಇದನ್ನು. ಮೊದಲ ಸಲ ನಾನು ಅದನ್ನೇ ಮಾಡಿರಲಿಲ್ಲ. ಕಿರುಹೊತ್ತಿಗೆಯ ಮೇಲೆ ಒಂದು ತಟ್ಟೆ ಪಾಸ್ತಾ, ವಿಮಾನ ನಿಲ್ದಾಣದ ಲೌಂಜ್, ಗಾಲ್ಫ್ ಆಡುವ ಒಬ್ಬ ಬಿಳಿ ಅಂಗಿಯವನು. ನಮ್ಮ ಜಿಲ್ಲೆಗೆ ರೈಲೇ ಇಲ್ಲ. ವಿಮಾನ ಬೇಕಾದರೆ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಬೇಕು. ಹಾಗೆ ಹೋದದ್ದು ಜೀವನದಲ್ಲಿ ಒಮ್ಮೆ. ಆದರೂ ಸಹಿ ಹಾಕಿದೆ.

2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ಹೊರಗಿನ ತಿಂಡಿ, ಊಟ, ಮನರಂಜನೆಗೆ ನಮ್ಮ ಮನೆಯಿಂದ ಹೋದದ್ದು 76,600 ರೂಪಾಯಿ. ಇಷ್ಟೊಂದು ಎಂದು ನನಗೂ ತಿಳಿದಿರಲಿಲ್ಲ; ಯಜಮಾನರು ಈಗಲೂ ನಂಬುತ್ತಿಲ್ಲ. ಅದರಲ್ಲಿ 31,200 ಮೈಸೂರಿನದು. ತಿಂಗಳಿಗೊಮ್ಮೆ ತಿತಿಮತಿ, ಆನೆಚೌಕೂರು ದಾಟಿ ಹುಣಸೂರಿನ ದಾರಿ ಹಿಡಿದು ಮಗಳನ್ನು ನೋಡಲು ಹೋಗುತ್ತೇವೆ. ಹಾಸ್ಟೆಲ್ ಊಟದಿಂದ ಬಿಡುಗಡೆ ಪಡೆದ ಇಪ್ಪತ್ತರ ಹುಡುಗಿ ಗೆಳತಿಯರ ಸಮೇತ ಬಂದರೆ ಬಿಲ್ ಹೇಗಿರುತ್ತದೆ ಎಂದು ಹೆತ್ತವರಿಗೆ ಹೇಳಬೇಕಾಗಿಲ್ಲ. ಅವಳ ಜತೆ ನೋಡಿದ ಸಿನಿಮಾಗಳಿಗೆ 6,300. ರೆಸಾರ್ಟ್ ಊಟ ವರ್ಷಕ್ಕೆ ಎರಡು, 11,500. ಬೇಕರಿಗೆ 5,000. ಉಳಿದ 22,600 ನಮ್ಮ ಸುತ್ತಮುತ್ತಲಿನ ಸಣ್ಣ ಹೋಟೆಲ್‌ಗಳದು: ಸಂತೆ ದಿನದ ಕಡಂಬುಟ್ಟು, ಪಂದಿ ಕರಿ, ವಿರಾಜಪೇಟೆಗೆ ಹೋದಾಗಿನ ಬಿರಿಯಾನಿ, ಕುಶಾಲನಗರ ದಾಟಿ ಬೈಲಕುಪ್ಪೆಯಲ್ಲಿ ತಿಂದ ಮೋಮೊ.

ಈಗ ಆ ‘ಹತ್ತು ಪಟ್ಟು’ ಕಾರ್ಡಿನಲ್ಲಿ ಇಷ್ಟೂ ಖರ್ಚನ್ನು ಓಡಿಸಿದರೆ ಏನಾಗುತ್ತದೆ? ಮೈಸೂರಿನ ರೆಸ್ಟೋರೆಂಟ್ ಮತ್ತು ಸಿನಿಮಾಕ್ಕೆ ಮಾತ್ರ ಹತ್ತು ಪಟ್ಟು. ರೆಸಾರ್ಟಿಗೂ ಬೇಕರಿಗೂ ಒಂದು ಪಟ್ಟು. ಸಣ್ಣ ಹೋಟೆಲ್‌ಗಳಲ್ಲಿ ಕಾರ್ಡ್ ಮೆಷಿನ್ನೇ ಇಲ್ಲ. ಎಲ್ಲ ಸೇರಿ ಹೆಚ್ಚುಕಡಿಮೆ 3,900 ಪಾಯಿಂಟ್, ಅಂದರೆ 975 ರೂಪಾಯಿ. ವಾರ್ಷಿಕ ಶುಲ್ಕ 1,000, ಅದರ ಮೇಲೆ ಜಿಎಸ್‌ಟಿ 180. ಪಾಯಿಂಟ್‌ಗಳನ್ನು ಗಿಫ್ಟ್ ವೋಚರ್ ಮಾಡಿಕೊಳ್ಳಲು ಇನ್ನೊಂದು 117. ವರ್ಷವಿಡೀ ಉಂಡು ತಿಂದು ಬ್ಯಾಂಕಿಗೇ 322 ರೂಪಾಯಿ ಕೈಯಿಂದ ಕೊಟ್ಟ ಹಾಗಾಯಿತು. ‘ಹತ್ತು ಪಟ್ಟು’ ಎನ್ನುವಾಗ ಕೇಳಬೇಕಾದ ಪ್ರಶ್ನೆ: ಯಾವುದರ ಹತ್ತು ಪಟ್ಟು? ನೂರು ರೂಪಾಯಿಗೆ 25 ಪೈಸೆಯ ಹತ್ತು ಪಟ್ಟು ಎರಡೂವರೆ ರೂಪಾಯಿ. ಅಷ್ಟೇ.

ವರ್ಷಕ್ಕೆ ಒಂದೂವರೆ ಲಕ್ಷ ಖರ್ಚು ಮಾಡಿದರೆ ಶುಲ್ಕ ಮನ್ನಾ ಎಂದಿತ್ತು. ಗೊಬ್ಬರವನ್ನು ಕಾರ್ಡಿನಲ್ಲೇ ಕೊಂಡರೆ ಆಗುತ್ತದಲ್ಲ ಎಂದು ಯಜಮಾನರು ಉಪಾಯ ಹೇಳಿದರು. ಅಂಗಡಿಯವರು ಕಾರ್ಡ್ ಎಂದ ಕೂಡಲೇ ಶೇಕಡಾ ಎರಡು ಸೇರಿಸಿದರು. ಐವತ್ತು ಸಾವಿರದ ಗೊಬ್ಬರಕ್ಕೆ ಸಾವಿರ ರೂಪಾಯಿ ಹೆಚ್ಚು ಕೊಟ್ಟು ಸಾವಿರ ರೂಪಾಯಿ ಶುಲ್ಕ ಉಳಿಸುವ ಆ ಉಪಾಯ ಅಲ್ಲಿಗೇ ನಿಂತಿತು.

ಸಿನಿಮಾದ ‘ಒಂದು ಕೊಂಡರೆ ಒಂದು ಉಚಿತ’ದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನದ ಕೋಟಾ ಇರುತ್ತದೆ. ಶನಿವಾರ ಬೆಳಗ್ಗೆ ಮಗಳು ಮೊಬೈಲ್ ಹಿಡಿದು ಕೂರುವ ಹೊತ್ತಿಗೆ ಅದು ಮುಗಿದಿರುತ್ತದೆ. ಮೂರು ಸಲ ಸಿಕ್ಕಿತು. ಒಮ್ಮೆ ಸಿನಿಮಾ ಎಷ್ಟು ಕೆಟ್ಟದಾಗಿತ್ತೆಂದರೆ ಎರಡನೆಯ ಟಿಕೆಟ್ ಉಚಿತವಾದದ್ದೇ ನ್ಯಾಯ ಅನ್ನಿಸಿತು.

ನನಗೆ ದಾರಿ ತೋರಿಸಿದ್ದು ಆ ಸಣ್ಣ ಹೋಟೆಲ್‌ಗಳ ಗೋಡೆಯ ಕ್ಯೂಆರ್ ಹಾಳೆ. ನಮ್ಮ ದೇಶದ್ದೇ ಕಾರ್ಡ್ ಜಾಲವಾದ ರುಪೇಯ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ರಿಸರ್ವ್ ಬ್ಯಾಂಕ್ 2022ರಲ್ಲಿ ಅನುಮತಿ ಕೊಟ್ಟಿತು. ಅಂದರೆ ಮೆಷಿನ್ ಇಲ್ಲದ ಕಡೆಯೂ, ಕ್ಯೂಆರ್ ಸ್ಕ್ಯಾನ್ ಮಾಡಿ, ಹಣ ಉಳಿತಾಯ ಖಾತೆಯಿಂದಲ್ಲದೆ ಕ್ರೆಡಿಟ್ ಕಾರ್ಡಿನಿಂದ ಹೋಗುವ ಹಾಗೆ ಮಾಡಬಹುದು. ನನ್ನ ಹಳೆಯ ಕಾರ್ಡ್ ಬೇರೆ ಜಾಲದ್ದು. ಅದಕ್ಕೆ ಈ ಭಾಗ್ಯವಿರಲಿಲ್ಲ. ಆದರೆ ಇಲ್ಲಿಯೂ ಒಂದು ತೊಡಕಿದೆ. ಕ್ಯೂಆರ್ ವ್ಯಾಪಾರಿಯ ಹೆಸರಿನಲ್ಲಿ ನೋಂದಣಿಯಾಗಿರಬೇಕು. ನಾವು ಹೋಗುವ ಹೋಟೆಲ್‌ಗಳಲ್ಲಿ ಅರ್ಧಕ್ಕರ್ಧ ಮಾಲೀಕರ ಸ್ವಂತ ನಂಬರಿನ ಕ್ಯೂಆರ್. ಒಂದು ಕಡೆಯಂತೂ ಮಾಲೀಕರ ಅಳಿಯನದು. ಅಲ್ಲಿ ಕ್ರೆಡಿಟ್ ಕಾರ್ಡ್ ಕೆಲಸ ಮಾಡುವುದಿಲ್ಲ.

ಹೀಗೆಲ್ಲ ಅಳೆದು ಸುರಿದು ನಾನು ಆರಿಸಿದ್ದು ಊಟದ ಕಾರ್ಡನ್ನೇ ಅಲ್ಲ. ವಾರ್ಷಿಕ ಶುಲ್ಕವಿಲ್ಲದ, ಯುಪಿಐ ಖರ್ಚೂ ಸೇರಿ ಶೇಕಡಾ ಒಂದರಷ್ಟನ್ನು ಬಿಲ್ಲಿನಲ್ಲೇ ಕಳೆಯುವ ಒಂದು ಸಾದಾ ರುಪೇ ಕಾರ್ಡ್. ಯುಪಿಐ ಖರ್ಚಿಗೆ ಏನನ್ನೂ ಕೊಡದ ಕಾರ್ಡ್‌ಗಳಿವೆ, ಹಾಗಾಗಿ ಆ ಒಂದು ಸಾಲನ್ನು ಷರತ್ತುಗಳ ನಡುವಿನಿಂದ ಹುಡುಕಿ ಓದಿದೆ. ಸ್ವಂತ ನಂಬರಿನ ಕ್ಯೂಆರ್‌ಗಳ 11,300 ರೂಪಾಯಿ ಬಿಟ್ಟರೂ ನಮ್ಮ ವರ್ಷದ ಖರ್ಚಿಗೆ 653 ರೂಪಾಯಿ ವಾಪಸ್. ಕೈಯಿಂದ 322 ಹೋಗುವುದಕ್ಕೂ ಕೈಗೆ 653 ಬರುವುದಕ್ಕೂ ವ್ಯತ್ಯಾಸ ಸಾವಿರದ ಹತ್ತಿರ. ಬೆಂಗಳೂರಿನಲ್ಲಿರುವ ತಂಗಿಯ ಮಗನಿಗೆ ಈ ಕಾರ್ಡ್ ತೆಗೆದುಕೊ ಎಂದು ನಾನು ಹೇಳುವುದಿಲ್ಲ. ಅವನು ವಾರಕ್ಕೆ ನಾಲ್ಕು ದಿನ ಆ್ಯಪ್‌ನಲ್ಲಿ ಊಟ ತರಿಸುತ್ತಾನೆ, ಆ ಆ್ಯಪ್‌ನದೇ ಕಾರ್ಡಿನಲ್ಲಿ ಶೇಕಡಾ ಹತ್ತು ವಾಪಸ್ ಪಡೆಯುತ್ತಾನೆ. ತಿಂಗಳಿಗೆ ಇಷ್ಟೇ ಎಂಬ ಮಿತಿ ದಾಟದಿದ್ದರೆ ಅವನಿಗೆ ಅದೇ ಸರಿ. ನಮ್ಮ ಗೇಟಿನವರೆಗೆ ಊಟ ತರುವ ಹುಡುಗ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಆನೆ ಬಿಡಬೇಕು.

ತಾರೀಖಿನ ವಿಷಯವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಾನು ನಿಜವಾಗಿ ದುಡ್ಡು ಕಳೆದುಕೊಂಡದ್ದು ಅಲ್ಲಿ. ನೌಕರಿಯವರಿಗೆ ತಿಂಗಳಿಗೊಂದು ಸಂಬಳ. ತೋಟದವರಿಗೆ ಕಾಫಿ ಕೊಯ್ದು, ಒಣಗಿಸಿ, ಮಾರಿದ ಮೇಲೆ ಹಣ, ಆಮೇಲೆ ಮೆಣಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಒಣಗಿರುತ್ತದೆ, ಉಳಿದದ್ದೆಲ್ಲ ಒದ್ದೆ. 2024ರ ಜುಲೈ ಕೊನೆಯಲ್ಲಿ, ಕಕ್ಕಡದ ಮಳೆಗೆ ನಮ್ಮ ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕಾರ್ಡಿನ ಬಿಲ್ ಕಟ್ಟುವ ಕೊನೆಯ ದಿನ ಆ ಕತ್ತಲೆಯಲ್ಲೇ ಕಳೆದುಹೋಯಿತು. ಐದನೆಯ ದಿನ ಪೇಟೆಗೆ ಹೋಗಿ ಕಟ್ಟಿದೆ. ಗಡುವು ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ತಡದ ಶುಲ್ಕ ಹಾಕಬಹುದು ಎಂದು ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ನನ್ನದು ಮೂರು ದಾಟಿತ್ತು. 500 ಶುಲ್ಕ, 90 ಜಿಎಸ್‌ಟಿ, ಮೇಲೆ ಬಡ್ಡಿ.

ಆ ಬಡ್ಡಿಯ ದರ ನೋಡಿ ನಾನು ಕುರ್ಚಿ ಹಿಡಿದುಕೊಂಡೆ. ತಿಂಗಳಿಗೆ ಶೇಕಡಾ ಮೂರೂವರೆ, ವರ್ಷಕ್ಕೆ 42. ಹತ್ತು ಸಾವಿರ ಬಾಕಿ ಉಳಿಸಿದರೆ ಒಂದು ತಿಂಗಳಿಗೆ 350 ಬಡ್ಡಿ, 63 ಜಿಎಸ್‌ಟಿ, ಒಟ್ಟು 413. ವರ್ಷವಿಡೀ ಕೂಡಿಸುವ 653 ರೂಪಾಯಿಯಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಒಂದೇ ತಿಂಗಳಲ್ಲಿ ತೇಲಿಹೋಗುತ್ತದೆ. ಬಾಕಿ ಇರುವಾಗ ಹೊಸ ಖರ್ಚಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಮಳೆಗಾಲದಲ್ಲಿ ‘ಕನಿಷ್ಠ ಮೊತ್ತ ಕಟ್ಟಿದರೆ ಸಾಕು’ ಎಂಬ ಸಾಲು ಬಹಳ ಸಿಹಿಯಾಗಿ ಕಾಣುತ್ತದೆ. ನಾನು ಅದರ ಮೇಲೆ ಕೈ ಇಟ್ಟು ಮುಚ್ಚಿ ಪೂರ್ತಿ ಮೊತ್ತವನ್ನಷ್ಟೇ ಓದುತ್ತೇನೆ. ಹೊಸ ಕಾರ್ಡಿನಲ್ಲಿ ಪೂರ್ತಿ ಬಿಲ್ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟಿದ್ದೇನೆ. ಬಿಲ್ಲಿನ ತಾರೀಖನ್ನೂ ಬದಲಿಸಿಕೊಂಡೆ. ಗ್ರಾಹಕರು ಕೇಳಿದರೆ ಬದಲಿಸಿಕೊಡಬೇಕು, ಅದೂ ನಿಯಮದಲ್ಲಿದೆ. ಹೋಂಸ್ಟೇ ಬುಕಿಂಗ್ ಹಣ ತಿಂಗಳ ಮೊದಲ ವಾರ ಬರುತ್ತದೆ, ಈಗ ಬಿಲ್ ಎರಡನೆಯ ವಾರ ಹೋಗುತ್ತದೆ.

ಹೋಂಸ್ಟೇ ಎಂದಾಗ ನೆನಪಾಯಿತು. ಕಳೆದ ಬೇಸಿಗೆಯಲ್ಲಿ ಹೈದರಾಬಾದಿನಿಂದ ಬಂದ ಒಂದು ಕುಟುಂಬ ರಾತ್ರಿ ಊಟದ ಹಣವನ್ನು ಬೇರೆಯಾಗಿ ನನ್ನ ಮೆಷಿನ್‌ನಲ್ಲಿ ಕಾರ್ಡ್ ಉಜ್ಜಿ ಕೊಟ್ಟಿತು. ಊಟವನ್ನು ಬೇರೆ ಬಿಲ್ ಮಾಡಿ ಎಂದು ಅವರೇ ಕೇಳಿದ್ದರು, ಡೈನಿಂಗ್ ಪಾಯಿಂಟ್ ಬರುತ್ತದೆಂದು. ಒಂದು ತಿಂಗಳ ಮೇಲೆ ಆ ಹೆಂಗಸು ಫೋನ್ ಮಾಡಿದರು: ‘ಮೇಡಂ, ನಿಮ್ಮಲ್ಲಿ ಉಂಡದ್ದಕ್ಕೆ ಪಾಯಿಂಟ್ ಬರಲಿಲ್ಲವಲ್ಲ?’ ಮೆಷಿನ್ ತರುವಾಗ ತುಂಬಿದ ಅರ್ಜಿಯ ಪ್ರತಿ ತೆಗೆದು ನೋಡಿದೆ. ವ್ಯಾಪಾರದ ಬಗೆ ಎಂಬಲ್ಲಿ ನನ್ನದೇ ಅಕ್ಷರದಲ್ಲಿ ‘ವಸತಿ’ ಎಂದಿತ್ತು. ನಾನೇ 7011! ನನ್ನ ಕಚಂಪುಳಿ ಹಾಕಿದ ಪಂದಿ ಕರಿಯೂ ಕಾರ್ಡಿನ ಕಣ್ಣಿಗೆ ಹಾಸಿಗೆ, ದಿಂಬು. ಅವರಿಗೆ ಕಾಲು ಕಿಲೋ ಕಾಳುಮೆಣಸು ಕೊರಿಯರ್ ಮಾಡಿದೆ.

ಹಳೆಯ ಕಾರ್ಡನ್ನು ಮುಚ್ಚುವುದೊಂದು ಬಾಕಿ ಇತ್ತು. ಮುಚ್ಚುವ ಮೊದಲು ಪಾಯಿಂಟ್‌ಗಳನ್ನೆಲ್ಲ ವೋಚರ್ ಮಾಡಿ ಮಗಳಿಗೆ ಕೊಟ್ಟೆ, ಬಾಕಿಯನ್ನು ಸೊನ್ನೆ ಮಾಡಿದೆ, ಆಮೇಲೆ ಮನವಿ ಕಳುಹಿಸಿದೆ. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ಕೊಡಬೇಕು ಎಂದು ಓದಿದ್ದೆ. ಬಟವಾಡೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದರಿಂದ ಏಳರವರೆಗೆ ಗೆರೆ ಎಳೆದು, ಎಂಟನೆಯ ಮನೆಯನ್ನು ಸ್ವಲ್ಪ ದೊಡ್ಡದಾಗಿಯೇ ಬಿಟ್ಟಿದ್ದೆ. ಆರನೆಯ ದಿನ ಮಧ್ಯಾಹ್ನ ಮುಚ್ಚಿದೆವು ಎಂದು ಸಂದೇಶ ಬಂತು. ಇಡೀ ವರ್ಷದಲ್ಲಿ ಆ ಬ್ಯಾಂಕು ಚುರುಕಾಗಿ ಮಾಡಿದ ಕೆಲಸ ಅದೊಂದೇ.