ಮಾವನವರ ಎಂಟು ಗಂಟೆಯ ಪ್ರಾರ್ಥನೆ

18 ಆಗಸ್ಟ್ 2024, ಭಾನುವಾರ
ಮಂಗಳೂರು

ಮಾವ ತೀರಿಕೊಂಡು ಇವತ್ತಿಗೆ ವರ್ಷವಾಯಿತು. ಸಂಜೆ ಮನೆಯಲ್ಲೇ ಸ್ಮರಣೆಯ ಪ್ರಾರ್ಥನೆ ಇತ್ತು. ಬೈಬಲ್ ವಾಕ್ಯ ಓದಿ ಮುಗಿಸಿದ ಸಭಾಪಾಲಕರು ಮನೆಯವರು ಯಾರಾದರೂ ಎರಡು ಮಾತಾಡಿ ಅಂದರು. ನನ್ನ ಗಂಡ ಮಾತಾಡಿದರು, ನಾದಿನಿ ಮಾತಾಡಿದಳು. ಸೊಸೆಯಾಗಿ ನನಗೂ ಹೇಳುವುದು ಬಹಳವಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಾವ ಬಲ್ಮಠದ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. 1841ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಶುರುಮಾಡಿದ ಅಚ್ಚುಕೂಟ ಅದು. ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ 1843ರಲ್ಲಿ ಕಲ್ಲಚ್ಚಿನಲ್ಲಿ ಬಂದದ್ದು, ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು, ಎಲ್ಲವನ್ನೂ ಮೊಮ್ಮಕ್ಕಳಿಗೆ ಹೇಳುತ್ತಿದ್ದರು, ತಾನೇ ಪಕ್ಕದಲ್ಲಿ ನಿಂತು ನೋಡಿದವರಂತೆ. ಕನ್ನಡ ಜೋಡಿಸುವುದು ಸುಲಭದ ಕೆಲಸವಲ್ಲ. ಒತ್ತಕ್ಷರಗಳಿಗೆ ಬೇರೆಯೇ ಮೊಳೆ, ಬೇರೆಯೇ ಖಾನೆ, ಜೋಡಿಸಿದ ಸಾಲನ್ನು ತಲೆಕೆಳಗಾಗಿ ಓದಬೇಕು. ಲಗ್ನಪತ್ರಿಕೆ ಬಂದರೆ ಮಾವ ಹೆಸರುಗಳನ್ನು ಮಾತ್ರ ಮತ್ತೊಮ್ಮೆ ನೋಡುತ್ತಿದ್ದರಂತೆ. ‘ಬೇರೆ ಏನು ತಪ್ಪಿದರೂ ಸಹಿಸಬಹುದು, ಅವರ ಹೆಸರು ತಪ್ಪಿದರೆ ಮನಸ್ಸಿಗೆ ನೋವಾಗ್ತದೆ’ ಅನ್ನುತ್ತಿದ್ದರು.

ನಾನು ಧಾರವಾಡದವಳು. ಈ ಮನೆಯಲ್ಲಿ ಆಡುವುದು ತುಳು. ನನಗೆ ತುಳು ಬರುವ ತನಕ ಊಟಕ್ಕೆ ಕೂತಾಗ ಎಲ್ಲರೂ ಕನ್ನಡದಲ್ಲೇ ಮಾತಾಡಬೇಕು ಅಂತ ಮಾವ ಅಪ್ಪಣೆ ಮಾಡಿದ್ದರು. ಹುಬ್ಬಳ್ಳಿ ಕಡೆಯಿಂದ ಬರುವ ಲಾರಿಯವರ ಕೈಯಲ್ಲಿ ನನಗೋಸ್ಕರ ಜೋಳ ತರಿಸುತ್ತಿದ್ದರು. ಅವ್ವ ಮೊದಲ ಸಲ ಬಂದು ಅದನ್ನೆಲ್ಲ ನೋಡಿ, ‘ನಿಮ್ಮ ಮಾವ ದೊಡ್ಡ ಮನಷ್ಯಾ ನೋಡವಾ’ ಅಂದಳು. ತವರು ಬಿಟ್ಟು ಬಂದ ಹುಡುಗಿಗೆ ಇದಕ್ಕಿಂತ ಏನು ಬೇಕು?

ರಾತ್ರಿ ಎಂಟಕ್ಕೆ ಕುಟುಂಬ ಪ್ರಾರ್ಥನೆ. ಜರ್ಮನ್ ರಾಗದ ಒಂದು ಕನ್ನಡ ಭಕ್ತಿಗೀತೆ, ಮಾವನದು ತಗ್ಗಿನ ಸ್ವರ. ಆಮೇಲೆ ಬೈಬಲಿನ ಒಂದು ಕೀರ್ತನೆ, ಹೆಚ್ಚಾಗಿ 121ನೆಯದು. ನಂತರ ಹೆಸರುಗಳು. ಮಕ್ಕಳು, ಅಳಿಯ, ಸೊಸೆಯರು, ಮೊಮ್ಮಕ್ಕಳು, ಪರೀಕ್ಷೆ ಇದ್ದವರು, ಗಲ್ಫಿನಲ್ಲಿ ಕೆಲಸ ಹುಡುಕುತ್ತಿದ್ದವರು, ಧಾರವಾಡದ ನನ್ನ ಅವ್ವ ಅಪ್ಪ. ‘ಎಲ್ಲರನ್ನೂ ಕಾಪಾಡು’ ಅಂತ ಒಟ್ಟಿಗೆ ಹೇಳಿ ಮುಗಿಸಿದ್ದನ್ನು ನಾನು ಕೇಳಿಯೇ ಇಲ್ಲ. ಒಬ್ಬೊಬ್ಬರನ್ನೂ ಹೆಸರು ಹಿಡಿದು ದೇವರ ಮುಂದೆ ನಿಲ್ಲಿಸುತ್ತಿದ್ದರು. ಮಕ್ಕಳು ತೂಕಡಿಸುತ್ತಿದ್ದರು, ತಮ್ಮ ಹೆಸರು ಬಂದಾಗ ಕಣ್ಣು ಬಿಡುತ್ತಿದ್ದರು. ಕೊನೆಗೆ ಆಸ್ಪತ್ರೆಯಲ್ಲಿದ್ದಾಗಲೂ ಪಕ್ಕದ ಹಾಸಿಗೆಯವರ ಹೆಸರು ಕೇಳಿಕೊಂಡು ಬಾ ಅಂತ ನನ್ನನ್ನೇ ಕಳಿಸಿದರು. ಅವರ ನಂಬಿಕೆ ಏನೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಆ ಹೆಸರುಗಳ ನಡುವೆ ನಮ್ಮ ಮನೆಗೆ ಮೀನು ತರುವ ಅಕ್ಕನ ಮಗನದೂ ಇತ್ತು. ಜೂನ್, ಜುಲೈ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದರೆ ಅವನ ಹೆಸರು ಮೊದಲಿಗೆ ಬರುತ್ತಿತ್ತು. ಅವರದು ಮೊಗವೀರರ ಮನೆ, ಅವರ ದೇವರು ಬೇರೆ. ಮಾವನಿಗೆ ಅದು ಅಡ್ಡ ಬರಲಿಲ್ಲ, ಅಕ್ಕನಿಗೂ ಬರಲಿಲ್ಲ.

ಇವತ್ತು ಅಕ್ಕನೂ ಬಂದಿದ್ದರು. ಕಾಫಿ ಕುಡಿಯುತ್ತ, ‘ಇನ್ನು ನನ್ನ ಮಗನಿಗೆ ಯಾರು ಕೇಳಿಕೊಳ್ತಾರೆ?’ ಅಂತ ತುಳುವಿನಲ್ಲಿ ಅತ್ತೆಯನ್ನು ಕೇಳಿದರು. ‘ನಾನಿದ್ದೇನಲ್ಲ’ ಅಂದರು ಅತ್ತೆ. ಅವನು ಶುಕ್ರವಾರವೇ ಬೋಟಿಗೆ ಹೋಗಿದ್ದಾನಂತೆ, ಬರುವುದು ಇನ್ನೂ ನಾಲ್ಕೈದು ದಿನ.