ಕರಿ ಐದು

ನನ್ನ ತಂಗಿಯ ಮದುವೆಯಲ್ಲಿ ನನ್ನ ಪಾಲಿಗೆ ಬಂದದ್ದು ಬ್ಯಾಂಡಿನವರ ಜವಾಬ್ದಾರಿ. ಅಡುಗೆ, ಹಂದರ, ಸಂತಿ ಎಲ್ಲ ಹಿರಿಯರು ಹಂಚಿಕೊಂಡಿದ್ದರು. "ನೀ ಬ್ಯಾಂಡಿನವರನ್ನ ನೋಡ್ಕೋ. ಚಾ, ನೀರು, ನಾಷ್ಟಾ ಕಡಿಮಿ ಆಗಬಾರದು" ಅಂದರು ಸೋದರಮಾವ. ಬ್ಯಾಂಡ್ ಬೇಡ, ಡಿಜೆ ತರಿಸೋಣ ಅಂತ ಮನೆಯಲ್ಲಿ ಗಲಾಟೆ ಮಾಡಿದವನೇ ನಾನು. ಅದಕ್ಕೇ ಈ ಶಿಕ್ಷೆ ಇರಬೇಕು.

ಊರು ಗೋಕಾಕದ ಹತ್ತಿರ. ಮೇ ತಿಂಗಳ ಬಿಸಿಲು. ಒಂಬತ್ತಕ್ಕೆ ಬೀಗರನ್ನು ಇದಿರುಗೊಳ್ಳುವುದು ಅಂತ ನಾನೇ ಟೈಮ್ ಕೊಟ್ಟಿದ್ದೆ. ಎಂಟೂವರೆಗೆಲ್ಲ ಬ್ಯಾಂಡಿನವರ ಟಂಟಂ ಗಾಡಿ ಊರ ಅಗಸಿ ಮುಂದೆ ಬಂದು ನಿಂತಿತು. ಬೀಗರ ಬಸ್ಸು ಮಾತ್ರ ಯರಗಟ್ಟಿ ದಾಟುತ್ತಲೇ ಪಂಚರ್. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲವಂತೆ. ಮೂರು ತಾಸು ಏನು ಮಾಡುವುದು? ಬೇವಿನ ಮರದ ಕಟ್ಟೆ ಮೇಲೆ ಅವರ ಜೊತೆ ಕುಳಿತೆ.

ಎಲ್ಲರಿಗೂ ಒಂದೇ ಕೆಂಪು ಕೋಟು, ಹೆಗಲ ಮೇಲೆ ಒಂದೇ ಹಳದಿ ಗೊಂಡೆ. ದೂರದಿಂದ ನೋಡಿದರೆ ಒಂದೇ ಸಾಲೆಯಲ್ಲಿ ಕಲಿತವರ ಹಾಗೆ ಕಾಣುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಕ್ಲಾರಿನೆಟ್ ಅಜ್ಜನವರು ಒಂದು ನಶ್ಯದ ಡಬ್ಬಿ ತೆಗೆದರು. ಒಳಗೆ ನಶ್ಯ ಇರಲಿಲ್ಲ, ಕ್ಲಾರಿನೆಟ್‌ನ ಬಾಯಿಗೆ ಕಟ್ಟುವ ಜೊಂಡಿನ ತೆಳು ಸೀಳುಗಳಿದ್ದವು. ಒಂದನ್ನು ಬಾಯಲ್ಲಿಟ್ಟು ಎಲೆ ಅಡಿಕೆಯ ಹಾಗೆ ನೆನೆಸುತ್ತಾ ಕುಳಿತರು. ಒಣಗಿದ್ದರೆ ಅದು ಸರಿಯಾಗಿ ನುಡಿಯುವುದಿಲ್ಲ. ಅವರದು ಸುಳೇಭಾವಿ. "ಕುಮಾರ ಗಂಧರ್ವರ ಊರಲ್ವಾ ಅಜ್ಜಾ?" ಅಂದೆ. ಹಿಂದೂಸ್ತಾನಿ ಗಾಯಕ ಗಂಧರ್ವರು 1924ರಲ್ಲಿ ಹುಟ್ಟಿದ್ದು ಅಲ್ಲೇ. ಅಜ್ಜ ನಕ್ಕರು. "ಹೌದ್ರೀ. ಆದ್ರ ಮದುವಿಗೆ ಕರಿಯೋದು ನಮ್ಮನ್ನ."

ಅವರದು ಭಜಂತ್ರಿ ಮನೆತನ. ಅಪ್ಪ ಸನಾದಿ ಊದುತ್ತಿದ್ದರು. ಹಂದರದ ಮೂಲೆಯಲ್ಲಿ ಕುಳಿತು ಊದುವುದು, ಕೊನೆಯ ಪಂಕ್ತಿಯಲ್ಲಿ ಉಣ್ಣುವುದು. ಇವರೂ ಅದನ್ನೇ ಕಲಿತರು. ಆಮೇಲೆ ಬ್ಯಾಂಡ್ ಕಂಪನಿಯವರು ಕ್ಲಾರಿನೆಟ್ ಕೈಗಿಟ್ಟರು. ಎರಡೂ ಕಪ್ಪು ಕೊಳವೆ, ಎರಡೂ ಊದುವುದೇ, ಏನು ಮಹಾ ಅಂದುಕೊಂಡರಂತೆ. ಸನಾದಿಯಲ್ಲಿ ಷಡ್ಜಕ್ಕೆ, ಅಂದರೆ ಸ ಸ್ವರಕ್ಕೆ, ಇಟ್ಟ ಬೆರಳನ್ನೇ ಇಟ್ಟು ಒತ್ತಿ ಊದಿದರೆ ಮೇಲಿನ ಷಡ್ಜ ಬರುತ್ತದೆ. ಕ್ಲಾರಿನೆಟ್‌ನಲ್ಲಿ ಹಿಂದಿನ ಕೀಲಿ ಒತ್ತಿದರೆ ಮೇಲಿನ ಷಡ್ಜ ಇಲ್ಲ, ಅದನ್ನೂ ದಾಟಿ ಮೇಲಿನ ಪಂಚಮ, ಪ! ಬುಡಕ್ಕೆ ಹೋಗುತ್ತಾ ಅಗಲವಾಗುವ ಕೊಳವೆಗೂ ಉದ್ದಕ್ಕೂ ಒಂದೇ ಅಳತೆ ಇರುವ ಕೊಳವೆಗೂ ಇರುವ ವ್ಯತ್ಯಾಸ ಅದು. ಅಜ್ಜನವರಿಗೆ ಹೇಳಿಕೊಡುವವರು ಯಾರಿದ್ದರು? "ಆರು ತಿಂಗಳ ಅದು ಕೆಟ್ಟದ ಅಂತನ ತಿಳ್ಕೊಂಡಿದ್ನಿ. ದುರಸ್ತಿಗೂ ಒಯ್ದಿದ್ನಿ."

ಟ್ರಂಪೆಟ್ ಊದುವವರನ್ನು ಎಲ್ಲರೂ ಫೌಜಿ ಕಾಕಾ ಅನ್ನುತ್ತಾರೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್‌ನಲ್ಲಿ ಭರ್ತಿಯಾದವರು. "ಹೆಸರು ಬರಸಿದ್ದು ಬಂದೂಕಿಗೆ, ಕೈಗೆ ಬಂದದ್ದು ಇದು" ಅಂತ ಟ್ರಂಪೆಟ್ ತೋರಿಸಿದರು. ಮಧ್ಯಪ್ರದೇಶದ ಪಚ್ಮಢಿಗೆ ಕಳಿಸಿದರಂತೆ. ಸೇನೆಯ ಬ್ಯಾಂಡಿನವರಿಗೆ ಸಂಗೀತ ಕಲಿಸುವುದು ಅಲ್ಲಿ. ಮೊದಲ ಸಲ ನೊಟೇಷನ್ ಹಾಳೆ ನೋಡಿದಾಗ ಐದು ಗೆರೆ ಮೇಲೆ ಯಾರೋ ಎಳ್ಳು ಚೆಲ್ಲಿದ್ದಾರೆ ಅನ್ನಿಸಿತಂತೆ. ಯುದ್ಧ ಬಂದರೆ ಬ್ಯಾಂಡಿನವರು ಸ್ಟ್ರೆಚರ್ ಹೊರಬೇಕು, ಆ ತರಬೇತಿಯೂ ಆಗಿತ್ತು. ನನ್ನ ಮೂರನೇ ರೌಂಡ್ ಚಾ ಬಂದಾಗ ಗಡಿಯಾರ ನೋಡಿ, "ಫೌಜಿನ್ಯಾಗ ಒಂಬತ್ತು ಅಂದ್ರ ಒಂಬತ್ತ ತಮ್ಮಾ" ಅಂದರು. ನಾನು ಕಪ್ಪು ಎತ್ತುವ ನೆಪದಲ್ಲಿ ತಲೆ ತಗ್ಗಿಸಿದೆ.

ತಳ್ಳುಗಾಡಿ ಮೇಲೆ ಬ್ಯಾಟರಿ, ಭೋಂಗಾ ಸ್ಪೀಕರ್, ಒಂದು ಕ್ಯಾಸಿಯೋ ಕೀಬೋರ್ಡ್. ಅದನ್ನು ಬಾರಿಸುವ ಹುಡುಗನಿಗೆ ಇಪ್ಪತ್ತೂ ದಾಟಿರಲಿಕ್ಕಿಲ್ಲ, ಈ ಸೀಸನ್‌ಗೆ ಹೊಸಬ. ಕುಲಗೋಡದ ಕಡೆಯವನು. ಶ್ರೀಕೃಷ್ಣ ಪಾರಿಜಾತದ ಬಯಲಾಟಕ್ಕೆ ಹೆಸರು ತಂದ ಕುಲಗೋಡ ತಮ್ಮಣ್ಣನ ಊರದು. ಹುಡುಗನ ಅಜ್ಜ ಪಾರಿಜಾತದ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದರು. ರಾತ್ರಿಯಿಡೀ ಸತ್ಯಭಾಮೆಯ ಸಿಟ್ಟಿನ ಹಿಂದೆ ಪೇಟಿ ಓಡಬೇಕು. ಇವನು ಅಜ್ಜನ ಪಕ್ಕದಲ್ಲಿ ನಿದ್ದೆಗಣ್ಣಲ್ಲೇ ಕಲಿತದ್ದು. ಪೇಟಿಗೆ ಎಡಗೈಯಿಂದ ಗಾಳಿ ಹಾಕಬೇಕು. ಕ್ಯಾಸಿಯೋಗೆ ಬೇಡ. ಆದರೂ ಇವನ ಎಡಗೈ ಸುಮ್ನೆ ಹಿಂದೆ ಮುಂದೆ ಆಡುತ್ತಲೇ ಇರುತ್ತದೆ. ನಾನು ನೋಡಿದ್ದು ಗೊತ್ತಾಗಿ ಕೈಯನ್ನು ಜೇಬಿಗೆ ತುರುಕಿದ.

ಡ್ರಮ್ಮಿನ ಅಣ್ಣ ಮುಧೋಳ ಕಡೆಯವರು, ಮಾತು ಕಡಿಮೆ. ಕಲಿತದ್ದು ಮೊಹರಂ ಹಲಗಿಯ ಮೇಲೆ. ಅವರೂರಲ್ಲಿ ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಾರಂತೆ. ಹಲಗಿಯ ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು ಕಾಸಬೇಕು, ಆಗಲೇ ಅದು ಟಣ್ ಅನ್ನುವುದು. ಈಗ ಅವರ ಕೊರಳಲ್ಲಿರುವುದು ಪ್ಲಾಸ್ಟಿಕ್ ಹಾಳೆಯ ಡ್ರಮ್ಮು, ಸ್ಕ್ರೂ ತಿರುವಿದರೆ ಬಿಗಿ. ಆದರೆ ಬಂದಕೂಡಲೇ ಅವರು ಡ್ರಮ್ಮನ್ನು ನೆರಳಿನಿಂದ ತೆಗೆದು ಬಿಸಿಲಿಗೆ ಮುಖ ಮಾಡಿ ಇಟ್ಟಿದ್ದರು. "ಯಾಕಣ್ಣಾ, ಇದಕ್ಕೆ ಕಾಸೋದು ಬೇಕಾ?" "ಬ್ಯಾಡ್ರಿ. ಕೈ ಕೇಳಂಗಿಲ್ಲ."

ಗಿಲಕಿ ಆಡಿಸುವ ಇಬ್ಬರು ಹುಡುಗರೂ ಇದ್ದರು. ಮೊಬೈಲ್‌ನಿಂದ ತಲೆ ಎತ್ತಲಿಲ್ಲ, ಅವರ ಸಂಗೀತ ಏನೋ ನನಗೆ ಗೊತ್ತಾಗಲಿಲ್ಲ.

ಹನ್ನೊಂದೂವರೆಗೆ ಬಸ್ಸು ಹತ್ತಿರ ಬಂತು ಅಂತ ಫೋನು. ಎಲ್ಲರೂ ಎದ್ದರು. ಫೌಜಿ ಕಾಕಾ "ಸಿ ಇಂದ ಎತ್ತು" ಅಂದರು. ಹುಡುಗ ಬಿಳಿ ಮನೆಯ ಸಿ ಸ್ವರ ಒತ್ತಿದ. ಟ್ರಂಪೆಟ್ಟೂ ಸಿ ಊದಿತು. ಭೋಂಗಾದಿಂದ ಬಂದ ಸದ್ದಿಗೆ ಮರದ ಮೇಲಿನ ಕಾಗೆ ಹಾರಿದವು. ಹುಡುಗ ಗಾಬರಿಯಾದ. ಕಾಕಾ ಕಣ್ಣು ಕೆಂಪು ಮಾಡಿ "ಸಿ ಅಂದ್ನಲೋ!" ಅಂದರು. "ಸಿ ನ ಹಿಡದೇನಿ ಕಾಕಾ!" ಇಬ್ಬರದೂ ಖರೆ. ಟ್ರಂಪೆಟ್‌ನಲ್ಲಿ ಸಿ ಅನ್ನುವುದು ಕ್ಯಾಸಿಯೋದ ಸಿ ಗಿಂತ ಒಂದು ಸ್ವರ ಕೆಳಗೆ ನುಡಿಯುತ್ತದೆ. ಅದರ ತಯಾರಿಕೆಯೇ ಹಾಗೆ, ಕ್ಲಾರಿನೆಟ್ಟೂ ಹಾಗೇ. ಅಜ್ಜ ಬಾಯಿಂದ ಜೊಂಡಿನ ಸೀಳು ತೆಗೆದು ಹೇಳಿದರು: "ತಮ್ಮಾ, ಕರಿ ಐದು ಹಿಡಿ."

ಹುಡುಗನ ಮುಖ ಬಿಚ್ಚಿತು. ಅದು ಅವನಿಗೆ ಗೊತ್ತಿದ್ದ ಮಾತು, ಪೇಟಿಯ ಮಾತು. ಐದನೇ ಕಪ್ಪು ಮನೆಗೆ, ಟ್ರಂಪೆಟ್‌ನ ಸಿ ಇರುವಲ್ಲಿಗೆ, ಬೆರಳು ಹೋಯಿತು. ಮೂರೂ ಸ್ವರ ಒಂದರೊಳಗೊಂದು ಕೂತವು.

ಮೆರವಣಿಗೆ ಹೊರಟಿತು. ಯಾವುದೋ ಹಳೆಯ ಸಿನಿಮಾ ಹಾಡು, ನಾನು ನೂರು ಸಲ ಕೇಳಿದ್ದು. ಆದರೆ ಅವತ್ತು ಒಂದೊಂದೂ ಬೇರೆಬೇರೆಯಾಗಿ ಕಿವಿಗೆ ಬಿತ್ತು. ಕಾಕಾ ಪ್ರತಿ ಸ್ವರವನ್ನೂ ಪರೇಡಿನ ಹೆಜ್ಜೆಯ ಹಾಗೆ ಕತ್ತರಿಸಿ ಇಡುತ್ತಿದ್ದರು. ಅಜ್ಜ ಅದೇ ಸ್ವರಕ್ಕೆ ತೂತಿನಿಂದ ಬೆರಳು ಅರ್ಧ ಸರಿಸಿ ಜಾರಿಕೊಂಡು ಬರುತ್ತಿದ್ದರು, ಅರ್ಧ ಮಾತ್ರೆ ತಡವಾಗಿ. ಹುಡುಗ ಹಾಡನ್ನು ಮುಂದೆ ನಿಂತು ನಡೆಸಲೇ ಇಲ್ಲ. ಸಾಲು ಮುಗಿಯುವ ಕಡೆ ಬಾಲ ಹಿಡಿದು ಇನ್ನೊಂದು ಸುತ್ತು ತಿರುಗಿಸುತ್ತಿದ್ದ, ಸತ್ಯಭಾಮೆಯ ಹಿಂದೆ ಓಡಿದ ಹಾಗೇ. ಮಸೀದಿ ಕಟ್ಟೆಯ ತಿರುವಿನಲ್ಲಿ ಡ್ರಮ್ಮಿನ ಅಣ್ಣ ಹಾಡಿನ ತಾಳ ಬಿಟ್ಟೇ ಬಿಟ್ಟರು. ಮೊಹರಂ ಹೆಜ್ಜೆ! ನಮ್ಮ ದೊಡ್ಡವ್ವ, ಮೊಣಕಾಲು ನೋವು ಅಂತ ಬೆಳಿಗ್ಗೆಯಿಂದ ಕುರ್ಚಿ ಬಿಡದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಾಲ್ಕು ಹೆಜ್ಜೆ ಹಾಕಿದಳು. ಡಿಜೆ ಬೇಕು ಅಂದಿದ್ದ ನನ್ನ ಗೆಳೆಯರೂ ಹಿಂದೆ ಬಿದ್ದರು. ಫೌಜಿ ಕಾಕಾ ಮಾತ್ರ ತಾಳ ತಪ್ಪಿತು ಅಂತ ಅತ್ತ ಒಂದು ಸಲ ಗುರಾಯಿಸಿ, ಆಮೇಲೆ ತಾವೇ ಅದಕ್ಕೆ ಹೊಂದಿಕೊಂಡರು.

ಅಕ್ಕಿಕಾಳು ಬಿತ್ತು. ಊಟಕ್ಕೆ ಬ್ಯಾಂಡಿನವರನ್ನು ಎರಡನೇ ಪಂಕ್ತಿಗೇ ಕೂರಿಸಿದೆ. ಮಾವ ಹುಬ್ಬು ಏರಿಸಿದರು, ನಾನು ನೋಡಲಿಲ್ಲ.

ಊಟವಾದ ಮೇಲೆ ಡ್ರಮ್ಮಿನ ಅಣ್ಣ ಬೇವಿನ ಕಟ್ಟೆ ಮೇಲೆ ಟವೆಲ್ ಹಾಸಿ ಮಲಗಿದರು. ಡ್ರಮ್ಮು ಪಕ್ಕದಲ್ಲಿ ಬಿಸಿಲಿಗೆ ಒರಗಿತ್ತು. ನಮ್ಮ ಅಕ್ಕನ ಮಗ, ಪಾಪ, ಬಿಸಿಲಿಗೆ ಕೆಡುತ್ತದೆ ಅಂತ ಅದನ್ನು ಎತ್ತಿ ನೆರಳಿಗಿಟ್ಟ. ಅಣ್ಣನಿಗೆ ಎಚ್ಚರವಾಯಿತು. ಏನೂ ಅನ್ನಲಿಲ್ಲ. ಎದ್ದು, ಡ್ರಮ್ಮನ್ನು ಮತ್ತೆ ಬಿಸಿಲಿಗಿಟ್ಟು, ಮುಖದ ಮೇಲೆ ಟವೆಲ್ ಎಳೆದುಕೊಂಡು ಮಲಗಿದರು.